ನೆಲ ಡೊಂಕು

ಮೂವತ್ತೇಳಕ್ಕೆ ಬಂದು ಪರದೆ ಕಪ್ಪಾಯಿತು.
ಫ್ಯಾನು ಒಮ್ಮೆ ಉಸಿರು ಬಿಟ್ಟು
ಮತ್ತೆ ಮೊದಲಿಂದ, ಏನೂ ಆಗಿಲ್ಲವೆಂಬಂತೆ,
ಕಂಪನಿಯ ಮುದ್ರೆ, ಬಿಳಿ ಚುಕ್ಕೆಗಳ ಗಿರಕಿ,
'ಭಾಷೆ ಆರಿಸಿ.'
ಆರಿಸಿದೆವು. ಒಂಬತ್ತನೇ ಸಲ.

ಸೋಲೊಂಗೋ ಹಳೇ ಕ್ಯಾಲೆಂಡರಿನ ಬೆನ್ನಿಗೆ
ಅಂಕಿ ಬರೆಯುತ್ತಾಳೆ: ನಲವತ್ತು, ಇಪ್ಪತ್ತೆರಡು,
ಮೂವತ್ತಮೂರು, ಈಗ ಮೂವತ್ತೇಳು.
ಹದಿಮೂರರ ಹುಡುಗಿ. ನಾಲ್ಕು ತಿಂಗಳು
ಕೆಳಮನೆಯ ಅವಳಿಮಕ್ಕಳಿಗೆ ಗಣಿತ ಹೇಳಿಕೊಟ್ಟು
ಒಂದೊಂದೇ ಭಾಗ ಕೂಡಿಸಿದವಳು:
ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಹಳೆಯ ಪ್ರೊಸೆಸರು,
ಹೊಸ ಮದರ್‌ಬೋರ್ಡು, ಯಾವುದೋ ಕಚೇರಿ ಎಸೆದ ಡಬ್ಬಿ.

ನಾನು ಟ್ರಾಲಿಬಸ್ಸಿನ ತಂತಿಯವನು.
ಹತ್ತೊಂಬತ್ತು ಚಳಿಗಾಲ ಉಲಾನ್‌ಬಾತರಿನ ಬೀದಿಗಳಲ್ಲಿ
ಏಣಿಗಾಡಿಯ ಮೇಲೆ ನಿಂತು ತಂತಿಯ ಹಿಮ ಕೆರೆದವನು.
ಕೊಂಡಿ ತಪ್ಪಿ ನಡುರಸ್ತೆಯಲ್ಲಿ ಕತ್ತಲಾದ ಬಸ್ಸನ್ನು
ಹಗ್ಗ ಎಳೆದು ಮತ್ತೆ ತಂತಿಗೆ ಕೂರಿಸಿದವನು.
ನನ್ನ ಲೆಕ್ಕದಲ್ಲಿ ಎಲ್ಲ ಕಾಯಿಲೆಯೂ ಕರೆಂಟಿನದೇ.
'ಓಲ್ಟೇಜು ಕುಸೀತಿದೆ, ಬೇರೇನಿಲ್ಲ.
ಇಡೀ ಕಟ್ಟಡ ಈ ಹೊತ್ತಿಗೆ ಹೀಟರು ಹಾಕುತ್ತೆ.'
ಮೀಟರು ತಂದು ಗೋಡೆಗೆ ಚುಚ್ಚಿದೆ.
ಇನ್ನೂರ ಇಪ್ಪತ್ತೊಂದು.
ಮುಳ್ಳು ಅಲುಗಲಿಲ್ಲ.
ಮೀಟರೇ ಸರಿಯಿಲ್ಲ ಅಂದೆ.

ಅವಳು ಮಾತಾಡಲಿಲ್ಲ. ಮೆಮೊರಿಯ ಎರಡೂ ಪಟ್ಟಿ ಕಿತ್ತು
ಒಂದನ್ನೇ ಕೂರಿಸಿ ನೋಡಿದಳು, ಆಮೇಲೆ ಇನ್ನೊಂದನ್ನೇ.
ಪೆನ್‌ಡ್ರೈವು ಅಳಿಸಿ ಹೊಸದಾಗಿ ತುಂಬಿದಳು.
ರೀಸೆಟ್ ಗುಂಡಿಯ ತಂತಿಯನ್ನೇ ಬಿಡಿಸಿಟ್ಟಳು.
'ಒಂದು ಸಲಕ್ಕೆ ಒಂದೇ ಬದಲಾವಣೆ, ಆವ್,
ಇಲ್ಲದಿದ್ದರೆ ಯಾವುದರಿಂದ ಅಂತ ತಿಳಿಯೋದು ಹೇಗೆ?'
ಯಾರು ಕಲಿಸಿದರೋ ಇಷ್ಟು ತಾಳ್ಮೆ.
ನಾನಂತೂ ಅಲ್ಲ.

ನಾನು ಎದುರುಮನೆಯ ದಮ್ದಿನ್‌ನನ್ನು ಎಬ್ಬಿಸಿ
ಅವನ ಪವರ್ ಸಪ್ಲೈ ಕಡ ತಂದೆ. ಹುತ್ತ ಬಡಿದೆ.
ಹಾವು ಇಪ್ಪತ್ತಾರಕ್ಕೇ ಕಚ್ಚಿತು.

ನಡುರಾತ್ರಿ ಒಲೆಯ ಮೇಲೆ ಉಪ್ಪುಚಹಾ ಉಕ್ಕಿ
ಮನೆ ತುಂಬ ಸೀದ ಹಾಲಿನ ಹೊಗೆ.
ಕಿಟಕಿ ತೆರೆದೆ. ಸೊನ್ನೆಗಿಂತ ಇಪ್ಪತ್ತೆಂಟು ಕೆಳಗಿನ ಚಳಿ
ಕಲ್ಲಿದ್ದಲಿನ ವಾಸನೆ ಹೊತ್ತು ಒಳನುಗ್ಗಿ
ನೇರ ಡಬ್ಬಿಯ ಮುಂದೆ ಹೋಗಿ ಕೂತಿತು.
ಮೂವತ್ತೇಳು ದಾಟಿತು. ಐವತ್ತು.
ಇಬ್ಬರೂ ಅಲುಗಾಡಲಿಲ್ಲ. ಅರವತ್ತು. ಅರವತ್ತೊಂದು.
ಕಪ್ಪು.

'ನೋಡಿದೆಯಾ, ಜನ ಮಲಗಿದ ಮೇಲೆ ಓಲ್ಟೇಜು...'
ಸೋಲೊಂಗೋ ಕಂಬಳಿಯೊಳಗಿಂದ, ಕಣ್ಣು ಮುಚ್ಚಿಯೇ:
'ಅದಕ್ಕೆ ಸೆಕೆ, ಆವ್.'
ಮತ್ತೆ ನಿದ್ದೆ.

ಸೆಕೆ.
ನಾಲ್ಕು ತಿರುಪು ಬಿಚ್ಚುವಾಗ ನೆನಪಾಯಿತು,
ಇಡೀ ಯಂತ್ರದಲ್ಲಿ ಇದೊಂದನ್ನು ಜೋಡಿಸಿದ್ದು ನಾನು.
'ಇದಕ್ಕೆ ಬಲ ಬೇಕು, ಕೊಡಿಲ್ಲಿ' ಎಂದು ಕಸಿದು
ತಂತಿ ಬಿಗಿಯುವ ಗತ್ತಿನಲ್ಲಿ ಒತ್ತಿದ್ದು.
ಕೂಲರು ಎದ್ದು ಬಂತು. ತಾಮ್ರದ ತಳಕ್ಕೆ
ಒಂದು ಪಾರದರ್ಶಕ ಹಾಳೆ, ಈರುಳ್ಳಿಯ ಒಳಪೊರೆಯಷ್ಟು ತೆಳು,
ಬೂದು ಪೇಸ್ಟು ಮೆತ್ತಿದ ಅದರ ಅಂಚಿನಲ್ಲಿ
ಕೆಂಪಕ್ಷರ: ಕೂರಿಸುವ ಮೊದಲು ಇದನ್ನು ತೆಗೆಯಿರಿ.
ಚೀನೀ, ರಷ್ಯನ್, ಇನ್ನೂ ಮೂರು ಭಾಷೆಗಳಲ್ಲಿ.

ಎಳೆದರೆ ಸದ್ದಿಲ್ಲದೆ ಬಂತು.
ಒರೆಸಿದೆ, ಹೊಸ ಪೇಸ್ಟು ಹಚ್ಚಿದೆ, ಬಿಗಿದೆ, ಮೆಲ್ಲಗೆ.
ಹಾಳೆ ಮುದುರಿ ಕಸಕ್ಕೆ ಹಾಕಿದ್ದರೆ ಮುಗಿದಿತ್ತು.
ಬೆಳಿಗ್ಗೆ 'ಕರೆಂಟು ನೆಟ್ಟಗಾಯ್ತು' ಅಂದಿದ್ದರೆ
ನಂಬುತ್ತಿದ್ದಳು. ಇಲ್ಲ, ನಂಬುತ್ತಿರಲಿಲ್ಲ,
ಸುಮ್ಮನಿರುತ್ತಿದ್ದಳು.
ಅದೇ ಕಷ್ಟ.

ಕ್ಯಾಲೆಂಡರಿನ ಬೆನ್ನಿಗೆ, ಅರವತ್ತೊಂದರ ಕೆಳಗೆ
ಆ ಹಾಳೆಯನ್ನೇ ಅಂಟಿಸಿದೆ.
ಪಕ್ಕದಲ್ಲಿ 'ನಾನು' ಎಂದು ಬರೆದೆ.
ತುಸು ಹೊತ್ತು ಬಿಟ್ಟು, ಇನ್ನೂ ಸಣ್ಣಗೆ:
ಮೀಟರು ಸರಿಯಾಗಿದೆ.

ಐದೂವರೆಗೆ ಮೊದಲ ಬಸ್ಸು. ಬೂಟು ಕೈಯಲ್ಲಿ ಹಿಡಿದು
ಬಾಗಿಲ ತನಕ ಹೋಗಿ ತಿರುಗಿ ನೋಡಿದೆ.
ಪರದೆ ಬೆಳ್ಳಗೆ ಕಾಯುತ್ತಿತ್ತು,
ಭಾಷೆ ಆರಿಸಿ.
ಅವಳ ಯಂತ್ರ.
ಮುಟ್ಟಲಿಲ್ಲ.